ಅಸಂಗತ ಅಂದರೆ ಅಸಂಬದ್ಧ ಅಲ್ಲ

ಮೊದಲಿಗೆ ಒಂದು ತಪ್ಪೊಪ್ಪಿಗೆ. ಕಳೆದ ವರ್ಷದ ಸ್ಕಿಟ್ ಸ್ಪರ್ಧೆಯಲ್ಲಿ ತಲೆ ಮೇಲೆ ಬಕೆಟ್ ಕವುಚಿಕೊಂಡು ಹನ್ನೆರಡು ನಿಮಿಷ ಸ್ಟೇಜ್ ತುಂಬಾ ಓಡಾಡಿದ ತಂಡ ನಮ್ಮದೇ. ಕಥೆ ಇರಲಿಲ್ಲ. ಒಬ್ಬ "ಟೈಮ್ ಎಷ್ಟು?" ಅಂತ ಕೇಳಿದರೆ ಇನ್ನೊಬ್ಬ "ಬದನೆಕಾಯಿ" ಅಂತಿದ್ದ. ಕೊನೆಗೆ ಎಲ್ಲರೂ ಬಿದ್ದು ಸತ್ತೆವು. ಹಿಂದಿನ ಸಾಲಿನವರು ಸಿಳ್ಳೆ ಹೊಡೆದರು, ನಮಗೂ ಖುಷಿಯಾಯಿತು. ತೀರ್ಪುಗಾರರಾಗಿ ಬಂದಿದ್ದ ಹಿರಿಯರೊಬ್ಬರು, ಹವ್ಯಾಸಿ ನಾಟಕಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವರು, "ಇದೇನ್ರಪ್ಪಾ?" ಅಂದರು. "ಅಬ್ಸರ್ಡ್ ಸರ್" ಅಂದೆವು. ಅವರು ನಗಲಿಲ್ಲ, ಬೈಯಲೂ ಇಲ್ಲ. "ಸರಿ, ನಾಟಕದಿಂದ ಕಥೆ ತೆಗೆದ್ರಿ. ಯಾಕೆ ತೆಗೆದ್ರಿ?" ಅಂತ ಮಾತ್ರ ಕೇಳಿದರು.

ಉತ್ತರ ಇರಲಿಲ್ಲ. ವೈವಾದಲ್ಲಿ ಡೆಫಿನಿಷನ್ ಗಡಗಡ ಹೇಳಿ, ಅದಾದ ಮೇಲೆ ಬರುವ "ವೈ?" ಅನ್ನೋ ಪ್ರಶ್ನೆಗೆ ನೆಲ ನೋಡುತ್ತೇವಲ್ಲ, ಅದೇ ಥರ ನಿಂತಿದ್ದೆವು. ಆ ಪ್ರಶ್ನೆ ಇಟ್ಟುಕೊಂಡು ಈ ಸೆಮಿಸ್ಟರ್ ಪೂರ್ತಿ ಬುಧವಾರ ಸಂಜೆಗಳಲ್ಲಿ ನಾವು ಐದಾರು ಜನ ಅಸಂಗತ ನಾಟಕಗಳನ್ನು ಓದಿದೆವು. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ನಾಟಕ ಓದಿದ್ದು ಇಂಗ್ಲಿಷಿನಲ್ಲಿ, ಜಗಳ ಆಡಿದ್ದು ಕನ್ನಡದಲ್ಲಿ. ಈ ಲೇಖನ ಆ ಜಗಳದ ನೋಟ್ಸ್ ಅಂದ್ಕೊಳ್ಳಿ.

ಕಿವುಡು ಸಂಖ್ಯೆ, ತಪ್ಪಿದ ಶ್ರುತಿ

ಹೈಸ್ಕೂಲಿನಲ್ಲಿ ಸರ್ಡ್ಸ್ ಮಾಡಿದ್ದು ನೆನಪಿದೆಯಾ? ಕನ್ನಡ ಮೀಡಿಯಂನ ಗೆಳೆಯರು ಅದನ್ನು ಕರಣಿ ಅಂತ ಕಲಿತಿರುತ್ತಾರೆ. ರೂಟ್ 2 ಥರದ ಸಂಖ್ಯೆಗಳು. ಆ 'ಸರ್ಡ್' ಮತ್ತು 'ಅಬ್ಸರ್ಡ್' ಎರಡೂ ಒಂದೇ ಲ್ಯಾಟಿನ್ ಮೂಲದಿಂದ ಬಂದವು. ಸರ್ಡಸ್ ಅಂದರೆ ಕಿವುಡು. ಅನುಪಾತದ ಭಾಷೆಗೆ ಸಿಗದ ಸಂಖ್ಯೆಯನ್ನು ಅರಬ್ ಗಣಿತಜ್ಞರು ಕಿವುಡು ಸಂಖ್ಯೆ ಅಂತ ಕರೆದರು, ಲ್ಯಾಟಿನ್ನಿಗೆ ಅನುವಾದ ಮಾಡಿದವರು ಅದನ್ನೇ ಉಳಿಸಿಕೊಂಡರು. ಸಂಗೀತದಲ್ಲಿ ಅಬ್ಸರ್ಡ್ ಅಂದರೆ ಶ್ರುತಿ ತಪ್ಪಿದ್ದು ಅಂತ ಅರ್ಥ.

ಇದು ನಮಗೆ ಬಹಳ ಉಪಯೋಗಕ್ಕೆ ಬಂತು. ರೂಟ್ 2 ಅರ್ಥವಿಲ್ಲದ ಸಂಖ್ಯೆ ಅಲ್ಲ. ಒಂದು ಚೌಕ ಬರೆದು ಕರ್ಣ ಎಳೆದರೆ ಅದು ಕಣ್ಣೆದುರಿಗೇ ಇರುತ್ತೆ. ನಮ್ಮ ಹತ್ತಿರ ಇರುವ p ಬೈ q ಅಚ್ಚಿಗೆ ಅದು ಕೂರೋದಿಲ್ಲ, ಅಷ್ಟೇ. ಕನ್ನಡದ 'ಅಸಂಗತ' ಕೂಡ ಅದೇ: ಸಂಗತವಲ್ಲದ್ದು, ಜೊತೆಗೆ ಕೂರದ್ದು. ನಾವು ಸ್ಟೇಜ್ ಮೇಲೆ ಮಾಡಿದ್ದು ಅಸಂಬದ್ಧ. ಬದನೆಕಾಯಿ ಜಾಗದಲ್ಲಿ ಹೀರೆಕಾಯಿ ಅಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಬೆಕೆಟ್‌ನ ನಾಟಕದಲ್ಲಿ ಒಂದು ಟೋಪಿಯನ್ನು ಆ ಕಡೆಯಿಂದ ಈ ಕಡೆ ಇಟ್ಟರೂ ವ್ಯತ್ಯಾಸ ಗೊತ್ತಾಗುತ್ತೆ.

'ಥಿಯೇಟರ್ ಆಫ್ ದಿ ಅಬ್ಸರ್ಡ್' ಅನ್ನೋ ಹೆಸರು ನಾಟಕಕಾರರು ಕೊಟ್ಟುಕೊಂಡಿದ್ದಲ್ಲ. ಬಿಬಿಸಿ ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಮಾರ್ಟಿನ್ ಎಸ್ಲಿನ್ 1961ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ. ಬುಡಾಪೆಸ್ಟಿನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಬೆಳೆದು, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಹೋದವನು. ಇವರೆಲ್ಲ ಸೇರಿ ಒಂದು ಗುಂಪು ಕಟ್ಟಿದವರಲ್ಲ, ಒಬ್ಬೊಬ್ಬರೂ ತಾನು ಒಂಟಿ ಅಂದುಕೊಂಡೇ ಬರೆದವರು ಅಂತ ಅವನೇ ಹೇಳುತ್ತಾನೆ. ಪರೀಕ್ಷೆಗೆ ಬರೆಯುವಾಗ 'ಅಸಂಗತ ಚಳವಳಿ' ಅಂತ ಬರೆಯೋರು ಇದನ್ನು ಗಮನಿಸಿ.

ವೋಲ್ಟೇಜ್ ಎಲ್ಲಿರುತ್ತೆ?

ಅಬ್ಸರ್ಡ್ ಅನ್ನೋ ಪದ ಎಸ್ಲಿನ್‌ಗೆ ಸಿಕ್ಕಿದ್ದು ಆಲ್ಬರ್ಟ್ ಕಮೂನಿಂದ. 'ದಿ ಮಿತ್ ಆಫ್ ಸಿಸಿಫಸ್' ಬಂದದ್ದು 1942ರಲ್ಲಿ, ಪ್ಯಾರಿಸ್ ಜರ್ಮನರ ಕೈಯಲ್ಲಿದ್ದಾಗ. ಸಿಸಿಫಸ್ ಗ್ರೀಕ್ ಪುರಾಣದವನು. ಬಂಡೆಯನ್ನು ಬೆಟ್ಟದ ತುದಿಗೆ ಉರುಳಿಸಬೇಕು, ತುದಿ ಮುಟ್ಟಿದ ಕೂಡಲೇ ಅದು ಕೆಳಗೆ ಬೀಳುತ್ತೆ, ಮತ್ತೆ ಶುರು.

ಎಲ್ಲರೂ ಈ ಬಂಡೆಯನ್ನಷ್ಟೇ ನೆನಪಿಡುತ್ತಾರೆ. ನಮಗೆ ಮುಖ್ಯ ಅನ್ನಿಸಿದ್ದು ಬೇರೆ. ಅಸಂಗತತೆ ಜಗತ್ತಿನಲ್ಲಿ ಇಲ್ಲ, ಮನುಷ್ಯನಲ್ಲೂ ಇಲ್ಲ, ಇಬ್ಬರೂ ಎದುರುಬದುರಾದಾಗ ಹುಟ್ಟುತ್ತೆ ಅನ್ನೋದು ಕಮೂನ ವಾದ. ಮನುಷ್ಯ ಕಾರಣ ಕೇಳುತ್ತಾನೆ, ಜಗತ್ತು ಸುಮ್ಮನಿರುತ್ತೆ. ನಮ್ಮಲ್ಲಿ ಇಲೆಕ್ಟ್ರಿಕಲ್ ಓದುವವಳೊಬ್ಬಳು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದಳು: "ವೋಲ್ಟೇಜ್ ಒಂದು ಪಾಯಿಂಟಲ್ಲಿ ಇರಲ್ಲ ಕಣ್ರೋ, ಎರಡು ಪಾಯಿಂಟ್ ಮಧ್ಯೆ ಇರುತ್ತೆ." ಕೇಳುವುದನ್ನು ನಿಲ್ಲಿಸಿದರೆ ಅಸಂಗತತೆ ಇಲ್ಲ. ಹಸುವಿಗೆ ಅದು ಇಲ್ಲ. ಎಲ್ಲದಕ್ಕೂ ಉತ್ತರ ಸಿಕ್ಕಿದೆ ಅಂದುಕೊಂಡವರಿಗೂ ಇಲ್ಲ.

ಇನ್ನೊಂದು ಮಾತನ್ನು ದಾಟಿ ಹೋಗೋದು ಸರಿಯಲ್ಲ. ಆ ಪುಸ್ತಕ ಶುರುವಾಗುವುದೇ ಆತ್ಮಹತ್ಯೆಯ ಪ್ರಶ್ನೆಯಿಂದ. ಬದುಕು ಬದುಕಲಿಕ್ಕೆ ಯೋಗ್ಯವೋ ಅಲ್ಲವೋ ಅನ್ನೋದೇ ತತ್ವಶಾಸ್ತ್ರದ ಮೊದಲ ಪ್ರಶ್ನೆ ಅನ್ನುತ್ತಾನೆ ಕಮೂ. ಹಾಸ್ಟೆಲಿನಲ್ಲಿ ಇರುವ ನಮಗೆ ಇದು ಬರೀ ತತ್ವಶಾಸ್ತ್ರ ಅಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಓದುವಾಗ ರೂಮು ಸ್ವಲ್ಪ ಹೊತ್ತು ಸುಮ್ಮನಾಗಿತ್ತು. ಆದರೆ ಹೆಸರು ಕೇಳಿ ಹೆದರುವವರು ಅವನ ಉತ್ತರ ಓದಿರೋದಿಲ್ಲ. ಉತ್ತರ ಸ್ಪಷ್ಟ: ಬೇಡ. ಸಾಯುವುದು ಅಂದರೆ ಪ್ರಶ್ನೆ ಕೇಳುವವನನ್ನೇ ತೆಗೆದುಹಾಕುವುದು, ಅದು ಲೆಕ್ಕ ಬಿಡಿಸಿದ ಹಾಗಲ್ಲ. ಎರಡು ಪಾಯಿಂಟನ್ನೂ ಉಳಿಸಿಕೊಂಡು, ಆ ಸೆಳೆತವನ್ನು ಸಹಿಸಿಕೊಂಡು, ಹಟದಿಂದ ಬದುಕಬೇಕು ಅನ್ನೋದು ಅವನ ನಿಲುವು. ಅವನ ಸಿಸಿಫಸ್ ಬಂಡೆಯ ಹಿಂದೆ ಕೆಳಗಿಳಿದು ಬರುವಾಗ ಸೋತವನಲ್ಲ.

ಹಾಗಾದರೆ ಕಮೂನೇ ಅಸಂಗತ ನಾಟಕಕಾರ ಅಲ್ವಾ? ಅವನೂ ನಾಟಕ ಬರೆದಿದ್ದಾನೆ, ಸಾರ್ತ್ರ್ ಕೂಡ ಬರೆದಿದ್ದಾನೆ. ಇಲ್ಲೇ ಎಸ್ಲಿನ್ ಹಾಕುವ ಗೆರೆ ಬಹಳ ಮುಖ್ಯ. ಬದುಕಿಗೆ ಸಿದ್ಧ ಅರ್ಥ ಇಲ್ಲ ಅಂತ ಕಮೂ, ಸಾರ್ತ್ರ್ ಇಬ್ಬರೂ ಹೇಳಿದರು. ಆದರೆ ಹೇಳಿದ್ದು ಶಿಸ್ತಾದ ವಾದದಲ್ಲಿ, ಆರಂಭ, ಮಧ್ಯ, ಅಂತ್ಯ ಇರುವ ನಾಟಕಗಳಲ್ಲಿ, ಚೆನ್ನಾಗಿ ಮಾತಾಡುವ ಪಾತ್ರಗಳ ಬಾಯಲ್ಲಿ. ತರ್ಕ ಸೋತಿದೆ ಅಂತ ತರ್ಕಬದ್ಧವಾಗಿ ವಿವರಿಸಿದ ಹಾಗೆ. ಬೆಕೆಟ್, ಅಯನೆಸ್ಕೋ ವಿವರಿಸುವುದನ್ನೇ ಬಿಟ್ಟರು. ಕಾಯುವುದು ಹೇಗಿರುತ್ತೆ ಅಂತ ಒಂದು ಪಾತ್ರದಿಂದ ಭಾಷಣ ಮಾಡಿಸಲಿಲ್ಲ, ಪ್ರೇಕ್ಷಕರನ್ನೇ ಎರಡು ಗಂಟೆ ಕಾಯಿಸಿದರು. ಮಾತು ಸತ್ತಿದೆ ಅಂತ ಹೇಳಿಸಲಿಲ್ಲ, ಸತ್ತ ಮಾತನ್ನೇ ರಂಗದ ಮೇಲೆ ತಂದು ನಿಲ್ಲಿಸಿದರು.

ತೀರ್ಪುಗಾರರ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಕಥೆ ತೆಗೆಯೋದು ಸ್ಟೈಲಿಗಲ್ಲ. ಹೇಳಬೇಕಾದ್ದು ಕಥೆಯ ಅಚ್ಚಿಗೆ ಕೂರದಿದ್ದಾಗ ಮಾತ್ರ ಕಥೆ ತೆಗೆಯಬೇಕು. ನಮಗೆ ಹೇಳೋದೇ ಏನೂ ಇರಲಿಲ್ಲ, ಬಕೆಟ್ ಇತ್ತು.

ಎಲೆ ಬಿಟ್ಟ ಮರ

'ವೇಟಿಂಗ್ ಫಾರ್ ಗೋಡೋ' ಬಗ್ಗೆ ಎಲ್ಲರೂ ಹೇಳುವ ಮಾತು: ಇಬ್ಬರು ಕಾಯುತ್ತಾರೆ, ಗೋಡೋ ಬರೋದಿಲ್ಲ. ನಿಜ. ಒಂದು ರಸ್ತೆ, ಒಂದು ಮರ. ವ್ಲಾಡಿಮಿರ್, ಎಸ್ಟ್ರಾಗನ್ ಅನ್ನೋ ಇಬ್ಬರು ಅಲೆಮಾರಿಗಳು. ಪೋಜೋ ಅನ್ನೋ ಯಜಮಾನ, ಕುತ್ತಿಗೆಗೆ ಹಗ್ಗ ಹಾಕಿಸಿಕೊಂಡ ಅವನ ಆಳು ಲಕ್ಕಿ. ಸಂಜೆಗೆ ಒಬ್ಬ ಹುಡುಗ ಬಂದು ಗೋಡೋ ಇವತ್ತು ಬರಲ್ಲ, ನಾಳೆ ಬರ್ತಾನೆ ಅಂತ ಹೇಳಿಹೋಗುತ್ತಾನೆ. ಎರಡನೇ ಅಂಕದಲ್ಲೂ ಇದೇ.

ಕಂಪ್ಯೂಟರ್ ಸೈನ್ಸ್‌ನವರು ಇದನ್ನು ಎಕ್ಸಿಟ್ ಕಂಡೀಷನ್ ಇಲ್ಲದ ವೈಲ್ ಲೂಪ್ ಅಂದರು. ಒಪ್ಪಬಹುದು, ಆದರೆ ಪೂರ್ತಿ ಅಲ್ಲ. ಲೂಪ್ ಒಂದೇ ಆದರೂ ವೇರಿಯಬಲ್‌ಗಳು ಬದಲಾಗುತ್ತಿವೆ. ಮೊದಲ ಅಂಕದಲ್ಲಿ ಬೋಳಾಗಿದ್ದ ಮರಕ್ಕೆ ಎರಡನೇ ಅಂಕದಲ್ಲಿ ನಾಲ್ಕೈದು ಎಲೆ ಬಂದಿವೆ. ಪೋಜೋ ಕುರುಡನಾಗಿದ್ದಾನೆ, ಲಕ್ಕಿ ಮೂಗನಾಗಿದ್ದಾನೆ. ಹುಡುಗ ನಿನ್ನೆ ಬಂದವನು ನಾನಲ್ಲ ಅನ್ನುತ್ತಾನೆ. ಎರಡೂ ಅಂಕ ಮುಗಿಯುವುದು ಒಂದೇ ರೀತಿ: ಹೋಗೋಣವಾ ಅಂತ ಒಬ್ಬ, ಹೋಗೋಣ ಅಂತ ಇನ್ನೊಬ್ಬ, ಯಾರೂ ಅಲ್ಲಾಡುವುದಿಲ್ಲ. ಮೊದಲ ಅಂಕದಲ್ಲಿ ಕೇಳಿದವನು ಎಸ್ಟ್ರಾಗನ್, ಎರಡನೆಯದರಲ್ಲಿ ವ್ಲಾಡಿಮಿರ್. ಮಾತು ಕೈ ಬದಲಾಯಿಸಿದೆ, ಕಾಲು ಎದ್ದಿಲ್ಲ. ಇದನ್ನು ಮೊದಲ ಓದಿನಲ್ಲಿ ನಾವ್ಯಾರೂ ಹಿಡಿಯಲಿಲ್ಲ. ಜೋರಾಗಿ ಪಾತ್ರ ಹಂಚಿಕೊಂಡು ಓದಿದಾಗ, ಲೈನ್ ತಪ್ಪಿ ಓದಿದವನನ್ನು ಬೈಯುವಾಗ ಗೊತ್ತಾಯಿತು.

ಮರಕ್ಕೆ ನೇಣು ಹಾಕಿಕೊಳ್ಳುವ ಮಾತೂ ಬರುತ್ತೆ. ಕಮೂನ ಪ್ರಶ್ನೆಯೇ ಅದು. ಆದರೆ ಇಲ್ಲಿ ಅದು ಭಾರ ಯಾರದು ಜಾಸ್ತಿ, ಕೊಂಬೆ ತಡೆಯುತ್ತಾ, ಒಬ್ಬ ಹೋಗಿ ಇನ್ನೊಬ್ಬ ಒಂಟಿಯಾಗಿಬಿಟ್ಟರೆ ಏನು ಗತಿ ಅನ್ನೋ ಚರ್ಚೆಯಾಗಿ ಜಾರಿಹೋಗುತ್ತೆ. ಕೊನೆಯಲ್ಲಿ ಹಗ್ಗಕ್ಕೆ ಅಂತ ಎಸ್ಟ್ರಾಗನ್ ಪ್ಯಾಂಟಿಗೆ ಕಟ್ಟಿದ ದಾರ ಬಿಚ್ಚುತ್ತಾನೆ, ಪ್ಯಾಂಟು ಕಾಲಿಗೆ ಬೀಳುತ್ತೆ. ನಾವು ನಕ್ಕೆವು. ನಕ್ಕಿದ್ದಕ್ಕೆ ಒಂದು ನಿಮಿಷ ಮುಜುಗರವೂ ಆಯಿತು. ಆಮೇಲೆ ನಮಗನ್ನಿಸಿದ್ದು, ಅವರಿಬ್ಬರನ್ನೂ ಉಳಿಸಿದ್ದು ಗೋಡೋ ಅಲ್ಲ, ಪಕ್ಕದಲ್ಲಿ ಜಗಳ ಆಡಲಿಕ್ಕೆ ಇನ್ನೊಬ್ಬ ಇದ್ದದ್ದು. ಇದನ್ನು ಬೆಕೆಟ್ ಹೇಳುವುದಿಲ್ಲ, ನಮ್ಮ ಓದು ಅಷ್ಟೇ.

ಬೆಕೆಟ್‌ಗೆ ಕಾಯುವುದು ಪುಸ್ತಕದಿಂದ ಬಂದ ವಿಷಯ ಅಲ್ಲ. 1906ರಲ್ಲಿ ಡಬ್ಲಿನ್ ಹತ್ತಿರ ಹುಟ್ಟಿದ ಅವನು ಯುದ್ಧದ ಕಾಲದಲ್ಲಿ ಪ್ಯಾರಿಸ್‌ನಲ್ಲಿದ್ದು ಜರ್ಮನರ ವಿರುದ್ಧದ ಗುಪ್ತ ಪಡೆಗೆ ಕೆಲಸ ಮಾಡಿದ. 1942ರಲ್ಲಿ ಒಳಗಿನವನೇ ಒಬ್ಬ ದ್ರೋಹ ಮಾಡಿ ತಂಡ ಸಿಕ್ಕಿಬಿತ್ತು. ಬೆಕೆಟ್ ಮತ್ತು ಅವನ ಸಂಗಾತಿ ಸುಝಾನ್ ತಪ್ಪಿಸಿಕೊಂಡು ದಕ್ಷಿಣ ಫ್ರಾನ್ಸಿನ ರೂಸಿಯೋನ್ ಅನ್ನೋ ಹಳ್ಳಿ ಸೇರಿದರು. ಅಲ್ಲಿ ತೋಟದ ಕೆಲಸ ಮಾಡಿಕೊಂಡು, ಯುದ್ಧ ಯಾವಾಗ ಮುಗಿಯುತ್ತೆ ಅಂತ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದರು. ನಾಟಕ ಬರೆದದ್ದು ಅಕ್ಟೋಬರ್ 1948ರಿಂದ ಜನವರಿ 1949ರ ಮಧ್ಯೆ, ಫ್ರೆಂಚಿನಲ್ಲಿ. ತನ್ನದಲ್ಲದ ಭಾಷೆಯಲ್ಲಿ ಶೈಲಿಯ ಹಂಗಿಲ್ಲದೆ ಬರೆಯಬಹುದು ಅನ್ನೋದು ಅವನು ಕೊಟ್ಟ ಕಾರಣ. ನಾವು ಉಲ್ಟಾ. ಶೈಲಿ ಬರಲಿ ಅಂತ ಇನ್ನೊಂದು ಭಾಷೆಗೆ ಹೋಗೋರು.

1953ರ ಜನವರಿ 5ರಂದು ಪ್ಯಾರಿಸ್ಸಿನ ಬ್ಯಾಬಿಲೋನ್ ಅನ್ನೋ ಪುಟ್ಟ ಥಿಯೇಟರಿನಲ್ಲಿ ರೋಜೆ ಬ್ಲಾ ನಿರ್ದೇಶನದಲ್ಲಿ ಮೊದಲ ಪ್ರದರ್ಶನ. ಅಮೆರಿಕಕ್ಕೆ ಹೋದದ್ದು 1956ರಲ್ಲಿ, ಮಯಾಮಿಗೆ. ನಗೆನಾಟಕ ಅಂತ ಜಾಹೀರಾತು ಕೊಟ್ಟಿದ್ದರು, ರಜೆ ಕಳೆಯಲು ಬಂದ ಶ್ರೀಮಂತರು ಇಂಟರ್ವಲ್‌ಗೆ ಎದ್ದು ಹೋದರು. ಮುಂದಿನ ವರ್ಷ, 1957ರ ನವೆಂಬರ್ 19ರಂದು, ಸ್ಯಾನ್ ಫ್ರಾನ್ಸಿಸ್ಕೋ ತಂಡವೊಂದು ಇದನ್ನೇ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ 1400 ಕೈದಿಗಳ ಮುಂದೆ ಆಡಿತು. ಈ ನಾಟಕ ಆರಿಸಿದ ಕಾರಣಗಳಲ್ಲಿ ಒಂದು, ಇದರಲ್ಲಿ ಹೆಣ್ಣುಪಾತ್ರ ಇಲ್ಲ ಅನ್ನೋದು. ವಿಮರ್ಶಕರು ತಲೆ ಕೆರೆದುಕೊಂಡಿದ್ದ ನಾಟಕ ಕೈದಿಗಳಿಗೆ ನೇರ ಹೋಗಿ ಮುಟ್ಟಿತು. ನಾಳೆ ಅನ್ನೋ ಮಾತಿನ ಬೆಲೆ ಅವರಿಗೆ ಗೊತ್ತಿತ್ತು. ಜೀವಾವಧಿ ಶಿಕ್ಷೆಯಲ್ಲಿದ್ದ ರಿಕ್ ಕ್ಲಚಿ ಅನ್ನೋನಿಗೆ ನೋಡಲು ಬಿಡಲಿಲ್ಲ, ಸೆಲ್ಲಿನಲ್ಲೇ ಲೌಡ್‌ಸ್ಪೀಕರಿನಲ್ಲಿ ಕೇಳಿಸಿಕೊಂಡ. ಆಮೇಲೆ ಜೈಲಿನಲ್ಲೇ ನಾಟಕ ತಂಡ ಕಟ್ಟಿದ, ಬಿಡುಗಡೆಯಾಗಿ ಬೆಕೆಟ್ ಜೊತೆಗೇ ಕೆಲಸ ಮಾಡಿದ. ಎಸ್ಲಿನ್‌ನ ಪುಸ್ತಕ ಶುರುವಾಗುವುದು ಈ ಜೈಲಿನ ಘಟನೆಯಿಂದಲೇ.

ಗುಣಾಕಾರ ಬಾಯಿಪಾಠ ಮಾಡಿದ ಹುಡುಗಿ

ಬೆಕೆಟ್‌ನನ್ನು ಗೌರವದಿಂದ ಓದಿದೆವು, ಅಯನೆಸ್ಕೋನನ್ನು ಹೆದರಿಕೊಂಡು ಓದಿದೆವು. ಅವನು ಬರೆದಿರುವುದು ನಮ್ಮ ಬಗ್ಗೆ ಅನ್ನಿಸಿಬಿಟ್ಟಿತು.

ಯುಜೀನ್ ಅಯನೆಸ್ಕೋ 1909ರಲ್ಲಿ ರುಮೇನಿಯಾದಲ್ಲಿ ಹುಟ್ಟಿ, ಬಾಲ್ಯವನ್ನು ಫ್ರಾನ್ಸಿನಲ್ಲಿ ಕಳೆದು, ಹದಿಮೂರರ ಹೊತ್ತಿಗೆ ರುಮೇನಿಯಾಕ್ಕೆ ವಾಪಸ್ ಹೋಗಿ ತನ್ನ ದೇಶದ ಭಾಷೆಯನ್ನು ಹೊಸದಾಗಿ ಕಲಿಯಬೇಕಾದವನು. ಮನೆಯಲ್ಲಿ ಒಂದು, ಸ್ಕೂಲಿನಲ್ಲಿ ಇನ್ನೊಂದು ಭಾಷೆ ಇಟ್ಟುಕೊಂಡು ಬೆಳೆದ ನಮಗೆ ಈ ಒದ್ದಾಟ ಗೊತ್ತು. ನಲವತ್ತರ ಹತ್ತಿರ ಬಂದಾಗ ಇಂಗ್ಲಿಷ್ ಕಲಿಯೋಣ ಅಂತ ಅಸಿಮಿಲ್ ಅನ್ನೋ ಕಂಪನಿಯ ಸ್ವಯಂಕಲಿಕೆ ಪುಸ್ತಕ ತಂದು, ವಾಕ್ಯಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಾ ಕೂತ. ವಾರಕ್ಕೆ ಏಳು ದಿನ, ನೆಲ ಕೆಳಗಿದೆ, ಸೂರು ಮೇಲಿದೆ. ಪುಸ್ತಕದಲ್ಲಿ ಸ್ಮಿತ್ ದಂಪತಿ ಒಬ್ಬರಿಗೊಬ್ಬರು ತಮ್ಮ ಹೆಸರೇನು, ಮಕ್ಕಳೆಷ್ಟು ಅಂತೆಲ್ಲ, ಇಬ್ಬರಿಗೂ ಮೊದಲೇ ಗೊತ್ತಿರುವುದನ್ನೇ, ಹೇಳಿಕೊಳ್ಳುತ್ತಾರೆ. ಅವನಿಗೆ ಇಂಗ್ಲಿಷ್ ಬರಲಿಲ್ಲ, ನಾಟಕ ಬಂತು.

'ದಿ ಬಾಲ್ಡ್ ಸೊಪ್ರಾನೊ', ಬೋಳುತಲೆಯ ಗಾಯಕಿ, ಮೊದಲ ಪ್ರದರ್ಶನ 1950ರ ಮೇ 11. ನಾಟಕದಲ್ಲಿ ಅಂಥ ಗಾಯಕಿಯೇ ಇಲ್ಲ. ರಿಹರ್ಸಲ್‌ನಲ್ಲಿ ನಟನೊಬ್ಬ ಬಾಯಿ ತಪ್ಪಿ ಆಡಿದ ಪದವನ್ನು ಅಯನೆಸ್ಕೋ ಹೆಸರು ಮಾಡಿಬಿಟ್ಟ. ಗಡಿಯಾರ ಹದಿನೇಳು ಸಲ ಬಡಿಯುತ್ತೆ, ಶ್ರೀಮತಿ ಸ್ಮಿತ್ ಒಂಬತ್ತು ಗಂಟೆಯಾಯಿತು ಅನ್ನುತ್ತಾಳೆ. ಮಾರ್ಟಿನ್ ದಂಪತಿ ಅಪರಿಚಿತರ ಹಾಗೆ ಕೂತು ಮಾತಾಡುತ್ತಾ ಹೋಗುತ್ತಾರೆ: ಒಂದೇ ಊರಿನಿಂದ ಬಂದಿದ್ದೇವೆ, ಒಂದೇ ರೈಲು, ಒಂದೇ ಬೀದಿ, ಒಂದೇ ಮನೆ, ಒಂದೇ ಹಾಸಿಗೆ, ಹಾಗಾದರೆ ನಾವು ಗಂಡ ಹೆಂಡತಿ! ಪ್ರತಿ ಹೆಜ್ಜೆಯೂ ಥಿಯರಂ ಪ್ರೂಫ್ ಥರ ಕರೆಕ್ಟ್. ಆಮೇಲೆ ಮನೆಗೆಲಸದವಳು ಬಂದು, ಮಗಳ ಕಣ್ಣಿನ ಬಣ್ಣ ಎಡ ಬಲ ಹೊಂದುವುದಿಲ್ಲ, ಆದ್ದರಿಂದ ಪ್ರೂಫ್ ತಪ್ಪು ಅನ್ನುತ್ತಾಳೆ. ಕೊನೆಯಲ್ಲಿ ವಾಕ್ಯ ಒಡೆದು ಪದ, ಪದ ಒಡೆದು ಅಕ್ಷರ, ಬರೀ ಕಿರುಚಾಟ. ನಾಟಕ ಮತ್ತೆ ಮೊದಲಿನಿಂದ ಶುರುವಾಗುತ್ತೆ, ಸ್ಮಿತ್‌ಗಳ ಜಾಗದಲ್ಲಿ ಮಾರ್ಟಿನ್‌ಗಳು ಕೂತು. ನಮ್ಮ ಬದನೆಕಾಯಿಗೂ ಇದಕ್ಕೂ ಇರುವ ದೂರ ಇಲ್ಲಿ ಕಾಣುತ್ತೆ: ಅವನು ಶುರುವಿನಲ್ಲೇ ಕಿರುಚಿಸಲಿಲ್ಲ. ಭಾಷೆ ಸಭ್ಯವಾಗಿ, ವ್ಯಾಕರಣಬದ್ಧವಾಗಿ, ಒಂದೊಂದೇ ಮೊಳೆ ಸಡಿಲವಾಗುತ್ತಾ ಕುಸಿಯುವುದನ್ನು ತೋರಿಸಿದ.

ಮರುವರ್ಷದ್ದು 'ದಿ ಲೆಸನ್'. ವಯಸ್ಸಾದ ಪ್ರೊಫೆಸರ್ ಮನೆಗೆ ಹದಿನೆಂಟರ ಹುಡುಗಿ ಪಾಠಕ್ಕೆ ಬರುತ್ತಾಳೆ. ಕೂಡಿಸೋದು ಬರುತ್ತೆ. ಕಳೆಯೋದು ಎಷ್ಟು ಹೇಳಿಕೊಟ್ಟರೂ ತಲೆಗೆ ಹೋಗೋದಿಲ್ಲ. ಆದರೆ ಕೋಟ್ಯಂತರ ಸಂಖ್ಯೆಗಳ ಗುಣಾಕಾರಕ್ಕೆ ತಕ್ಷಣ ಉತ್ತರ ಹೇಳುತ್ತಾಳೆ. ಹೇಗೆ ಅಂದರೆ, ಲೆಕ್ಕದ ತರ್ಕದ ಮೇಲೆ ನಂಬಿಕೆ ಇಲ್ಲದ್ದರಿಂದ ಆಗಬಹುದಾದ ಎಲ್ಲ ಗುಣಾಕಾರಗಳ ಉತ್ತರವನ್ನೂ ಬಾಯಿಪಾಠ ಮಾಡಿಕೊಂಡಿದ್ದಾಳೆ!

ಇದನ್ನು ಓದಿದ ವಾರ ನಮಗೆ ಇಂಟರ್ನಲ್ಸ್ ಇತ್ತು. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ಸಾಲ್ವ್ ಮಾಡಿದ ಪಿಡಿಎಫ್ ನಮ್ಮೆಲ್ಲರ ಮೊಬೈಲಿನಲ್ಲೂ ಇತ್ತು. ಯಾರೂ ಜಾಸ್ತಿ ನಗಲಿಲ್ಲ.

ಪಾಠ ಮುಂದುವರಿದ ಹಾಗೆ ಪ್ರೊಫೆಸರ್ ಜೋರಾಗುತ್ತಾನೆ, ಹುಡುಗಿಗೆ ಹಲ್ಲುನೋವು ಹೆಚ್ಚುತ್ತೆ, ನೋವು ಅಂದರೂ ಅವನು ಕೇಳಿಸಿಕೊಳ್ಳೋದಿಲ್ಲ. ಗಣಿತದಿಂದ ಭಾಷಾಶಾಸ್ತ್ರಕ್ಕೆ ಹೋಗಬೇಡಿ, ಅನಾಹುತ ಆಗುತ್ತೆ ಅಂತ ಕೆಲಸದವಳು ಮೊದಲೇ ಎಚ್ಚರಿಸಿರುತ್ತಾಳೆ. ಆಗುವುದೂ ಅದೇ. ಚಾಕು ಅನ್ನೋ ಪದವನ್ನು ಮತ್ತೆ ಮತ್ತೆ ಹೇಳಿಸುತ್ತಾ, ಆ ಪದದಿಂದಲೇ ಅನ್ನೋ ಹಾಗೆ, ಅವಳನ್ನು ಕೊಲ್ಲುತ್ತಾನೆ. ಅವತ್ತಿನ ನಲವತ್ತನೇ ವಿದ್ಯಾರ್ಥಿ ಅವಳು. ಬಾಗಿಲ ಬೆಲ್ ಆಗುತ್ತೆ, ಮುಂದಿನವಳು ಬಂದಿದ್ದಾಳೆ. ನಗುತ್ತಾ ಶುರುವಾದದ್ದು ಎಲ್ಲಿ ಹೆದರಿಕೆಯಾಯಿತು ಅಂತ ಗೆರೆ ಎಳೆಯೋಕೆ ನೋಡಿದೆವು, ಆಗಲಿಲ್ಲ. ಅರ್ಥ ಕಳೆದುಕೊಂಡ ಭಾಷೆ ನಿರುಪದ್ರವಿ ಅಲ್ಲ, ಅಧಿಕಾರದಲ್ಲಿರುವವನ ಕೈಗೆ ಸಿಕ್ಕರೆ ಅದು ಆಯುಧ ಅನ್ನೋದನ್ನು ಅಯನೆಸ್ಕೋ ರುಮೇನಿಯಾದಲ್ಲಿ ಕಣ್ಣಾರೆ ನೋಡಿದ್ದ. ಗೆಳೆಯರು ಒಬ್ಬೊಬ್ಬರಾಗಿ ಫ್ಯಾಸಿಸ್ಟ್ ಸಂಘಟನೆಯ ಘೋಷಣೆಗಳನ್ನೇ ಮಾತಾಡತೊಡಗಿದ್ದರು. 1959ರ 'ರೈನೋಸರಸ್'ನಲ್ಲಿ ಊರಿನವರೆಲ್ಲ ಖಡ್ಗಮೃಗಗಳಾಗುವುದು ಅದೇ ಅನುಭವದಿಂದ.

ಈ ಎರಡೂ ನಾಟಕ ಪ್ಯಾರಿಸ್ಸಿನ ಹುಶೆತ್ ಅನ್ನೋ ಸಣ್ಣ ಥಿಯೇಟರಿನಲ್ಲಿ 1957ರಿಂದ ಜೊತೆಜೊತೆಯಾಗಿ ನಡೆದುಕೊಂಡು ಬಂದಿವೆ.

ಫಿಸಿಕ್ಸ್ ಮೇಷ್ಟ್ರು ಮತ್ತು ಇತರ ಹಿರಿಯರು

ಇದೆಲ್ಲ ಯುದ್ಧ ಮುಗಿದ ಮೇಲೆ ಆಕಾಶದಿಂದ ಉದುರಿದ್ದಲ್ಲ. ಹಿಂದೆ ಯಾರು ಯಾರಿದ್ದರು ಅಂತ ಹುಡುಕಿದಾಗ ನಮಗೆ ಅತಿ ಇಷ್ಟವಾದವನು ಆಲ್ಫ್ರೆಡ್ ಜ್ಯಾರಿ. ಫ್ರಾನ್ಸಿನ ರೆನ್ ಊರಿನ ಸ್ಕೂಲಿನಲ್ಲಿ ಎಬೇರ್ ಅನ್ನೋ ಫಿಸಿಕ್ಸ್ ಮೇಷ್ಟ್ರಿದ್ದರು. ಅವರನ್ನು ಆಡಿಕೊಂಡು ಹುಡುಗರು ಕಥೆ, ನಾಟಕ ಬರೆಯೋದು ಅಲ್ಲಿ ಪರಂಪರೆ. ಹದಿನೈದರ ಜ್ಯಾರಿ ಸೇರಿಕೊಂಡು ಅದನ್ನು ಗೊಂಬೆಯಾಟ ಮಾಡಿದ. ಅದೇ ಬೆಳೆದು 1896ರ ಡಿಸೆಂಬರ್ 10ರಂದು ಪ್ಯಾರಿಸ್ ರಂಗದ ಮೇಲೆ 'ಉಬು ರುವಾ' ಆಯಿತು, ಅಂದರೆ ಉಬು ರಾಜ. ದೊಡ್ಡ ಹೊಟ್ಟೆಯ, ಹೇಡಿ, ದುರಾಸೆಯ ಉಬು ರಾಜನನ್ನು ಕೊಂದು ಪಟ್ಟವೇರುತ್ತಾನೆ. ಮೊದಲ ಪದವೇ ಒಂದು ಬೈಗುಳ, ಅದೂ ಒಂದಕ್ಷರ ಹೆಚ್ಚು ಸೇರಿಸಿ ಕೆಡಿಸಿದ್ದು. ಸಭಾಂಗಣದಲ್ಲಿ ದೊಡ್ಡ ಗಲಾಟೆ. ಐರಿಷ್ ಕವಿ ಯೇಟ್ಸ್ ಪ್ರೇಕ್ಷಕರಲ್ಲಿದ್ದ. ನೋಡಿ ಬೇಸರ ಮಾಡಿಕೊಂಡರೂ, ಏನೋ ಒಂದು ಯುಗ ಮುಗಿಯುತ್ತಿದೆ ಅಂತ ಅವನಿಗೆ ಅನ್ನಿಸಿತು.

ಜ್ಯಾರಿ 'ಪ್ಯಾಟಫಿಸಿಕ್ಸ್' ಅನ್ನೋ ಶಾಸ್ತ್ರವನ್ನೂ ಹುಟ್ಟುಹಾಕಿದ: ಕಾಲ್ಪನಿಕ ಪರಿಹಾರಗಳ ವಿಜ್ಞಾನ. 1948ರಲ್ಲಿ ಪ್ಯಾರಿಸ್‌ನಲ್ಲಿ ಅದಕ್ಕೊಂದು ಕಾಲೇಜೇ ಶುರುವಾಯಿತು, ಅಯನೆಸ್ಕೋ ಅದರ ಸದಸ್ಯನಾದ. ಲ್ಯಾಬಿನಲ್ಲಿ ರೀಡಿಂಗ್ ಬರದಿದ್ದಾಗ ಗ್ರಾಫ್ ಮೊದಲು ಬರೆದು ರೀಡಿಂಗ್ ಆಮೇಲೆ ತುಂಬುವ ನಾವೆಲ್ಲ ಆ ಕಾಲೇಜಿನ ರ‍್ಯಾಂಕ್ ಸ್ಟೂಡೆಂಟ್‌ಗಳು.

ಇನ್ನೊಬ್ಬ ಹಿರಿಯ ಕಾಫ್ಕಾ. 'ದಿ ಟ್ರಯಲ್'ನಲ್ಲಿ ಏನು ಆರೋಪ ಅಂತ ಗೊತ್ತಿಲ್ಲದೆ ಬಂಧನವಾಗುತ್ತೆ. ಕಾರಣ ಕೇಳುವವನು, ಸುಮ್ಮನಿರುವ ವ್ಯವಸ್ಥೆ: ಮತ್ತೆ ಅದೇ ಎರಡು ಪಾಯಿಂಟ್. ಆ ಕಾದಂಬರಿಯನ್ನು ಆಂದ್ರೆ ಜೀಡ್ ಮತ್ತು ಬರೋ 1947ರಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ತಂದರು, ಗೋಡೋ ಬರೆಯುವ ಹಿಂದಿನ ವರ್ಷ. ಇದರ ತಮ್ಮನ ಹಾಗಿರೋದು ಚೆಕ್ ನಾಟಕಕಾರ ಹಾವೆಲ್‌ನ 1965ರ 'ದಿ ಮೆಮೊರಾಂಡಮ್'. ಒಂದು ಆಫೀಸಿನಲ್ಲಿ ಗೊಂದಲವೇ ಆಗದಂಥ ವೈಜ್ಞಾನಿಕ ಭಾಷೆಯೊಂದನ್ನು ಜಾರಿಗೆ ತರುತ್ತಾರೆ. ಪದಗಳು ಒಂದಕ್ಕೊಂದು ಆದಷ್ಟು ದೂರ ಇರಬೇಕು ಅನ್ನೋದು ಅದರ ಸೂತ್ರ, ಅಂದರೆ ನಮ್ಮ ಹ್ಯಾಮಿಂಗ್ ಡಿಸ್ಟನ್ಸ್. ಪರಿಣಾಮವಾಗಿ ಯಾರಿಗೂ ಅದು ಬರೋದಿಲ್ಲ. ಡೈರೆಕ್ಟರ್‌ಗೆ ಬಂದ ಪತ್ರ ಅನುವಾದ ಆಗಬೇಕಾದರೆ ಒಂದು ಪರ್ಮಿಷನ್, ಆ ಪರ್ಮಿಷನ್ ಸಿಗಬೇಕಾದರೆ ಪತ್ರದಲ್ಲಿ ಏನಿದೆ ಅಂತ ಗೊತ್ತಿರಬೇಕು. ನೋ ಡ್ಯೂ ಸರ್ಟಿಫಿಕೇಟ್‌ಗೆ ಅಲೆದವರಿಗೆ ಇದಕ್ಕೆ ಟಿಪ್ಪಣಿ ಬೇಡ.

ಸರ್ಕಸ್ ಕೋಡಂಗಿ, ಚಾಪ್ಲಿನ್, ಬಸ್ಟರ್ ಕೀಟನ್ ಇವರೂ ಪೂರ್ವಜರೇ. ಗೋಡೋದಲ್ಲಿ ಮೂರು ಟೋಪಿಗಳನ್ನು ಇಬ್ಬರು ಸುತ್ತಿಸುತ್ತಾ ಹೋಗುವ ಆಟ ಹಳೆಯ ಹಾಸ್ಯ ಸಿನಿಮಾಗಳ ಆಟ. ಬೆಕೆಟ್ ಆಮೇಲೆ ತನ್ನ ಒಂದೇ ಒಂದು ಸಿನಿಮಾಕ್ಕೆ ಕೀಟನ್‌ನನ್ನೇ ಹಾಕಿಕೊಂಡ. ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು. ತರ್ಕವನ್ನು ಬಿಡದೆ ಹಿಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಅಂತ ಆಲಿಸ್ ಕಥೆಯಲ್ಲೇ ತೋರಿಸಿದ್ದ. ಡಾಡಾ, ಸರ್ರಿಯಲಿಸಂ, ಸ್ಟ್ರಿಂಡ್‌ಬರ್ಗ್, ಪಿರಾಂಡೆಲೊ ಕೂಡ ಪಟ್ಟಿಯಲ್ಲಿದ್ದಾರೆ. ಅವರನ್ನು ನಾವು ಸರಿಯಾಗಿ ಓದಿಲ್ಲ, ಓದದೆ ಬರೆದರೆ ಮತ್ತೆ ಬಕೆಟ್ ಆಗುತ್ತೆ.

ಇಲ್ಲಿಗೆ ಬಂದಾಗ

ಕನ್ನಡಕ್ಕೆ ಇದು ಅರವತ್ತರ ದಶಕದ ನವ್ಯದ ಜೊತೆ ಬಂತು. ಲಂಕೇಶರ 'ತೆರೆಗಳು', ಚಂದ್ರಶೇಖರ ಪಾಟೀಲರ 'ಕೊಡೆಗಳು' ಅಸಂಗತ ನಾಟಕ ಅಂತ ಹೆಸರು ಹೇಳುವಾಗ ಮೊದಲು ಬರುವಂಥವು. ಇಬ್ಬರೂ ಇಂಗ್ಲಿಷ್ ಮೇಷ್ಟ್ರುಗಳು. ಯುದ್ಧ ನೋಡದ ಊರಿನಲ್ಲಿ ಈ ನಾಟಕ ಎರವಲು ಅಲ್ವಾ ಅಂತ ನಮ್ಮಲ್ಲೇ ಒಬ್ಬ ವಾದ ಮಾಡಿದ. ಪೂರ್ತಿ ತಳ್ಳಿಹಾಕೋಕೆ ಆಗಲಿಲ್ಲ.

ಆದರೆ ಬಾದಲ್ ಸರ್ಕಾರ್ ಅವರ ಬಂಗಾಳಿ ನಾಟಕ 'ಏವಂ ಇಂದ್ರಜಿತ್' ಓದಿದ ಮೇಲೆ ಅವನೂ ಸುಮ್ಮನಾದ. 1963ರಲ್ಲಿ ಬರೆದದ್ದು, ಇಂಗ್ಲಿಷಿಗೆ ತಂದವರು ಗಿರೀಶ ಕಾರ್ನಾಡರು. ಸರ್ಕಾರ್ ಶಿಬ್‌ಪುರದ ಬೆಂಗಾಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದವರು, ಟೌನ್ ಪ್ಲಾನರ್ ಆಗಿ ಕೆಲಸ ಮಾಡಿದವರು. ನಾಟಕದೊಳಗಿನ ಲೇಖಕನಿಗೆ ಬರೆಯಲು ವಿಷಯ ಸಿಗುತ್ತಿಲ್ಲ. ಪ್ರೇಕ್ಷಕರ ಮಧ್ಯದಿಂದ ನಾಲ್ವರನ್ನು ಕರೆದು ಹೆಸರು ಕೇಳುತ್ತಾನೆ. ಅಮಲ್, ವಿಮಲ್, ಕಮಲ್. ನಾಲ್ಕನೆಯವನು ನಿರ್ಮಲ್ ಅನ್ನುತ್ತಾನೆ. ಸಾಧ್ಯವಿಲ್ಲ, ನಿಜವಾದ ಹೆಸರು ಹೇಳು ಅಂತ ಲೇಖಕ ಗದರುತ್ತಾನೆ. ಇಂದ್ರಜಿತ್. ಮತ್ತೆ ಸುಳ್ಳು ಯಾಕೆ ಹೇಳಿದೆ? ಎಲ್ಲರ ಹಾಗಿರದಿದ್ದರೆ ಏನಾಗುತ್ತೋ ಅನ್ನೋ ಭಯಕ್ಕೆ.

ಆಮೇಲೆ ಕ್ಲಾಸಿನ ಬೆಲ್, ಪರೀಕ್ಷೆ, ಇಂಟರ್ವ್ಯೂ, ಆಫೀಸು. ಇಂಟರ್ವ್ಯೂ ದೃಶ್ಯ ಓದುವಾಗ ನಮ್ಮ ಮೂರನೇ ವರ್ಷದ ಸೀನಿಯರ್ ಒಬ್ಬರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರು ಪ್ಲೇಸ್‌ಮೆಂಟ್ ತಯಾರಿಯಲ್ಲಿರುವವರು. ಒಳಗೆ ಬನ್ನಿ ಅಂದರೆ ಬರಲಿಲ್ಲ, ಹೋಗಲೂ ಇಲ್ಲ. ನಾಟಕದಲ್ಲಿ ಸಿಸಿಫಸ್ ಹೆಸರೂ ಬರುತ್ತೆ. ಇದು ಶುದ್ಧ ಅಸಂಗತ ನಾಟಕ ಹೌದೋ ಅಲ್ಲವೋ ಅಂತ ವಿಮರ್ಶಕರಲ್ಲಿ ಚರ್ಚೆ ಇದೆ. ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಬೆಕೆಟ್‌ನ ಇಬ್ಬರೂ ಅಲ್ಲಾಡದೆ ನಿಲ್ಲುತ್ತಾರೆ, ಇಂದ್ರಜಿತ್ ಊರು ಇಲ್ಲ ಅಂತ ಗೊತ್ತಿದ್ದೂ ದಾರಿ ಹಿಡಿಯುತ್ತಾನೆ.

ಓದಲು ಶುರು ಮಾಡುವವರು 'ದಿ ಲೆಸನ್'ನಿಂದ ಶುರು ಮಾಡಿ, ಒಂದು ಗಂಟೆಯಲ್ಲಿ ಮುಗಿಯುತ್ತೆ. ಗೋಡೋವನ್ನು ಒಬ್ಬರೇ ಕೂತು ಮನಸ್ಸಿನಲ್ಲಿ ಓದಬೇಡಿ, ಇಬ್ಬರಾದರೂ ಸೇರಿ ಜೋರಾಗಿ ಓದಿ. ಮುಂದಿನ ಸೆಮಿಸ್ಟರ್‌ಗೆ ನಾವು 'ಏವಂ ಇಂದ್ರಜಿತ್'ನ ಒಂದು ಭಾಗವನ್ನು ಕನ್ನಡದಲ್ಲಿ ರಂಗದ ಮೇಲೆ ಓದಬೇಕು ಅಂತಿದ್ದೇವೆ. ಬುಧವಾರ ಲ್ಯಾಬ್ ಮುಗಿದ ಮೇಲೆ ರಿಹರ್ಸಲ್. ಅಮಲ್, ವಿಮಲ್, ಕಮಲ್ ಪಾತ್ರಗಳಿಗೆ ಜನ ಸಿಕ್ಕಿದ್ದಾರೆ. ಇಂದ್ರಜಿತ್ ಪಾತ್ರಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.